ಖಾಲಿ ಜಾಗವಿದ್ದರೂ ಜಾಗ ಸಾಲದು ಎನ್ನುವುದೇಕೆ?

ಪ್ರಶ್ನೆ: ನಮ್ಮ ಮನೆಯಲ್ಲಿ 500 ಜಿಬಿಯ ಪ್ಲೇಸ್ಟೇಷನ್ 4 ಎಂಬ ವಿಡಿಯೊ ಆಟದ ಯಂತ್ರ ಇದೆ. ದೊಡ್ಡ ಮಗ ಓದಲು ಬೆಂಗಳೂರಿಗೆ ಹೋಗಿದ್ದಾನೆ, ಈಗ ಚಿಕ್ಕವನೊಬ್ಬನೇ ಆಡುತ್ತಾನೆ. ಆನ್‌ಲೈನಿನಲ್ಲಿ ಕೊಂಡ 45 ಜಿಬಿಯ ಫುಟ್‌ಬಾಲ್ ಆಟಕ್ಕೆ 6 ಜಿಬಿ ಅಪ್‌ಡೇಟ್ ಬಂದಿದೆ. 30 ಜಿಬಿ ಖಾಲಿ ಇದ್ದರೂ ಜಾಗ ಸಾಲದು ಎಂದು ತೋರಿಸುತ್ತದೆ. ಪರಿಚಯದವರು ಎಲ್ಲವನ್ನೂ ಅಳಿಸಿಬಿಡಿ ಎನ್ನುತ್ತಾರೆ. ಅಣ್ಣನೂ ತಾನೂ ಕಟ್ಟಿದ ತಂಡ ಹೋಗುತ್ತದೆಂದು ಮಗ ಅಳುತ್ತಾನೆ.
– ಓದುಗರೊಬ್ಬರು, ಸುಭಾಷ್ ನಗರ, ಮಂಡ್ಯ

ಉತ್ತರ: ದಯವಿಟ್ಟು ಎಲ್ಲವನ್ನೂ ಅಳಿಸಬೇಡಿ. ನಿಮ್ಮ ಮಗನ ಭಯದಲ್ಲಿ ಅರ್ಥವಿದೆ.

ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಇದೇ ತೊಂದರೆ ಬಂದಾಗ ನಾನು ಯಂತ್ರವನ್ನು ಒಂದು ಅಂಗಡಿಗೆ ಕೊಟ್ಟೆ. ಅವರು ಪೂರ್ತಿ ಅಳಿಸಿ ಹಿಂದಿರುಗಿಸಿದರು. ಆಟಗಳು ಎರಡೇ ರಾತ್ರಿಯಲ್ಲಿ ಮತ್ತೆ ಇಳಿದವು. ನನ್ನ ಅಣ್ಣನ ಮಗ ಒಂದು ವರ್ಷ ಆಡಿ ಉಳಿಸಿಕೊಂಡಿದ್ದದ್ದು ಮಾತ್ರ ಬರಲಿಲ್ಲ. ಆ ಹುಡುಗನ ಮುಖ ನನಗೆ ಇನ್ನೂ ಮರೆತಿಲ್ಲ.

ಈ ಯಂತ್ರ ಅಪ್‌ಡೇಟನ್ನು ಹಳೆಯ ಆಟಕ್ಕೆ ತೇಪೆಯಂತೆ ಹಚ್ಚುವುದಿಲ್ಲ. ಪಕ್ಕದ ನಿವೇಶನದಲ್ಲಿ ಹೊಸ ಮನೆ ಕಟ್ಟಿ ಮುಗಿಸಿ, ಆಮೇಲೆ ಹಳೆಯದನ್ನು ಕೆಡವುವ ಹಾಗೆ, ಆಟದ ಹೊಸ ಪ್ರತಿಯನ್ನೇ ಸಿದ್ಧಮಾಡಿಕೊಳ್ಳುತ್ತದೆ. ಆದ್ದರಿಂದ 6 ಜಿಬಿ ಇಳಿಸಿಕೊಳ್ಳಲು ಆಟದಷ್ಟೇ ದೊಡ್ಡ ಜಾಗ, ಅಂದರೆ 45 ಜಿಬಿಗಿಂತ ಹೆಚ್ಚು, ತಾತ್ಕಾಲಿಕವಾಗಿ ಬೇಕಾಗುತ್ತದೆ. ಕೆಲಸ ಮುಗಿದ ಮೇಲೆ ಅದರ ಬಹುಪಾಲು ಮತ್ತೆ ಖಾಲಿಯಾಗುತ್ತದೆ.

ಮೊದಲು ಕ್ಯಾಪ್ಚರ್ ಗ್ಯಾಲರಿ ನೋಡಿ. ಆಡುವಾಗ ಉಳಿಸಿದ ವಿಡಿಯೊಗಳು ಅಲ್ಲಿ ಗುಡ್ಡೆಯಾಗಿರುತ್ತವೆ; ಬೇಡದವನ್ನು ಅಳಿಸಿ. ಅದೂ ಸಾಲದಿದ್ದರೆ ಈಗ ಯಾರೂ ಆಡದ ಒಂದು ಆಟವನ್ನು ಅಳಿಸಿ. ಒಮ್ಮೆ ಆನ್‌ಲೈನಿನಲ್ಲಿ ಕೊಂಡದ್ದನ್ನು ಲೈಬ್ರರಿಯಿಂದ, ಅಂದರೆ ಯಂತ್ರದಲ್ಲಿನ ನಿಮ್ಮ ಆಟಗಳ ಪಟ್ಟಿಯಿಂದ, ಮತ್ತೆ ಇಳಿಸಿಕೊಳ್ಳಲು ಹಣ ಕೊಡಬೇಕಿಲ್ಲ. ಆಟವನ್ನು ಅಳಿಸಿದರೂ ಆಡಿ ಉಳಿಸಿದ ದತ್ತಾಂಶ ಬೇರೆ ಕಡೆ ಹಾಗೆಯೇ ಇರುತ್ತದೆ. ಬೇಕಿದ್ದರೆ ಫುಟ್‌ಬಾಲ್ ಆಟವನ್ನೇ ಅಳಿಸಿ ಹೊಸದಾಗಿ ಇಳಿಸಬಹುದು. 40 ಎಂಬಿಪಿಎಸ್ ವೇಗದ ಸಂಪರ್ಕದಲ್ಲಿ ಒಂದು ಜಿಬಿಗೆ 200 ಸೆಕೆಂಡಿನಂತೆ 45 ಜಿಬಿಗೆ ಎರಡೂವರೆ ಗಂಟೆ ಸಾಕು. ರಾತ್ರಿ ಯಂತ್ರವನ್ನು ಪೂರ್ತಿ ಆರಿಸದೆ ರೆಸ್ಟ್ ಮೋಡ್‌ನಲ್ಲಿಟ್ಟು ಮಲಗಿ; ಆ ಮೋಡ್‌ನಲ್ಲೂ ಇಂಟರ್ನೆಟ್ ಸಂಪರ್ಕ ಇರಲಿ ಎಂಬ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಮೊದಲೇ ಗುರುತಿಸಿರಬೇಕು. ನಡುವೆ ರೌಟರ್ ಆರಿಹೋದರೆ ಚಿಂತೆಯಿಲ್ಲ, ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಪದೇ ಪದೇ ಈ ಪಾಡು ಬೇಡವೆಂದರೆ ಯುಎಸ್‌ಬಿ 3.0ರ ಹೊರಗಿನ ಹಾರ್ಡ್ ಡಿಸ್ಕ್ ಕೊಳ್ಳಿ. 250 ಜಿಬಿಯಿಂದ 8 ಟಿಬಿವರೆಗಿನದು ನಡೆಯುತ್ತದೆ, ಆಟಗಳನ್ನು ಅದರಿಂದಲೇ ಆಡಬಹುದು. ಫಾರ್ಮ್ಯಾಟ್ ಮಾಡುವಾಗ ಅದರಲ್ಲಿರುವುದೆಲ್ಲ ಅಳಿದುಹೋಗುವುದರಿಂದ, ಮದುವೆಯ ಫೋಟೊಗಳಿರುವ ಡಿಸ್ಕನ್ನು ಇದಕ್ಕೆ ಕೊಡಬೇಡಿ.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಉಳಿಸಿದ ದತ್ತಾಂಶ ಆಯಾ ಬಳಕೆದಾರನ ಹೆಸರಿಗೆ ಸೇರಿರುತ್ತದೆ. ಹುಡುಗ ಊರಲ್ಲಿಲ್ಲವೆಂದು ದೊಡ್ಡ ಮಗನ ಹೆಸರನ್ನು ಯಂತ್ರದಿಂದ ತೆಗೆದರೆ ಅವನು ಆಡಿ ಉಳಿಸಿದ್ದೂ ಹೋಗುತ್ತದೆ. ಇಂದೇ ಒಂದು ಪೆನ್‌ಡ್ರೈವ್ ಹಾಕಿ, ಸೆಟ್ಟಿಂಗ್ಸ್‌ನ ಸೇವ್ಡ್ ಡೇಟಾ ವಿಭಾಗದಿಂದ ಯುಎಸ್‌ಬಿಗೆ ನಕಲು ಮಾಡಿಕೊಳ್ಳಿ. ಚಿಕ್ಕವನ ಹೆಸರಿನಲ್ಲಿ ಒಮ್ಮೆ, ಅಣ್ಣನ ಹೆಸರಿನಲ್ಲಿ ಇನ್ನೊಮ್ಮೆ.