ಬೆಳಕು ಸರಿ ಸಾರ್, ವರದಿ ಓದಿ ಹೇಳೋರು ಯಾರು?

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: "ಬಾಯಿ ಕ್ಯಾನ್ಸರ್ ಆಪರೇಷನ್‌ನಲ್ಲಿ ನೀಲಿ ಬೆಳಕು ಬಿಟ್ಟರೆ ಗೆಡ್ಡೆ ಎಲ್ಲಿಗೆ ಮುಗಿಯುತ್ತದೆ ಅಂತ ಅಲ್ಲೇ ಕಾಣುತ್ತದಂತೆ. ಸಿ.ವಿ. ರಾಮನ್ ಬಾಳಿದ ಬೆಂಗಳೂರು ನಮ್ಮದು. ಆದರೂ ನಮ್ಮ ಡಾಕ್ಟರುಗಳು ಮುಟ್ಟಿ ನೋಡಿ ಅಂದಾಜಿನಲ್ಲಿ ಕೊಯ್ಯುತ್ತಾರೆ. ನೀವೇಕೆ ಬರೆಯುವುದಿಲ್ಲ?"

ನಿಮ್ಮ ಸಿಟ್ಟು ಇಷ್ಟವಾಯಿತು. ಆದರೆ 'ಅಂದಾಜು' ಅನ್ನುವ ಮಾತು ಹಿಡಿಸಲಿಲ್ಲ.

ಗೆಡ್ಡೆಯ ಸುತ್ತ ಸುಮಾರು 1 ಸೆಂ.ಮೀ. ಒಳ್ಳೆ ಮಾಂಸವನ್ನೂ ಸೇರಿಸಿ ಕೊಯ್ಯುತ್ತಾರೆ. ಕೊಯ್ದ ಮಾಂಸ ಕುಗ್ಗುತ್ತದೆ, ಕೊನೆಗೆ ಮೈಕ್ರೋಸ್ಕೋಪ್ ಕೆಳಗೆ 5 ಮಿ.ಮೀ. ಆದರೂ ಉಳಿಯಲಿ ಅಂತ. ಅನುಮಾನ ಬಂದರೆ ಅಂಚಿನಿಂದ ಚೂರು ತೆಗೆದು, ಹೆಪ್ಪುಗಟ್ಟಿಸಿ, ತೆಳ್ಳಗೆ ಸೀಳಿ ಅಲ್ಲೇ ನೋಡುತ್ತಾರೆ. ಇದಕ್ಕೆ ಫ್ರೋಜನ್ ಸೆಕ್ಷನ್ ಅಂತ ಹೆಸರು. ನೋಡೋದು ನಾಲ್ಕಾರು ಚೂರು ಮಾತ್ರ, ಉಳಿದ ಅಂಚಿನ ಗತಿ ಏನು ಅಂತ ನೀವು ಕೇಳಬಹುದು. ಒಪ್ಪಿದೆ, ಬೆಳಕಿನ ಆಸೆ ಹುಟ್ಟಿದ್ದೇ ಅಲ್ಲಿ.

ನೀಲಿ ಬೆಳಕಿನಲ್ಲಿ ಒಳ್ಳೆ ಚರ್ಮ ಹಸಿರಾಗಿ ಹೊಳೆಯುತ್ತದೆ, ಗೆಡ್ಡೆ ಕಪ್ಪಗೆ ಕಾಣುತ್ತದೆ. ಚೆಂದ. ಆದರೆ ಸುಮ್ನೆ ಉರಿದು ಕೆಂಪಾದ ಜಾಗವೂ ಕಪ್ಪಗೇ ಕಾಣುತ್ತದೆ. ಮೂವತ್ತು ವರ್ಷ ಎಲೆ, ಅಡಿಕೆ, ಹೊಗೆಸೊಪ್ಪು ಜಗಿದ ಬಾಯಲ್ಲಿ ಉರಿಯದ ಜಾಗ ಎಲ್ಲಿದೆ ಹೇಳಿ? ಜೊತೆಗೆ ಈ ಬೆಳಕು ತೋರಿಸೋದು ಮೇಲ್ಮೈಯನ್ನು. ಗೆಡ್ಡೆ ನಾಲಿಗೆಯ ಸ್ನಾಯುವಿಗೆ ಎಷ್ಟು ಆಳ ಇಳಿದಿದೆ ಅಂತ ಅದಕ್ಕೆ ಗೊತ್ತಾಗೋದಿಲ್ಲ. ಕೆನಡಾದಲ್ಲಿ 400ಕ್ಕೂ ಜಾಸ್ತಿ ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದರು. 2020ರಲ್ಲಿ ಫಲಿತಾಂಶ ಬಂತು: ಅದೇ ಜಾಗದಲ್ಲಿ ಗೆಡ್ಡೆ ಮರಳುವುದು ಕಡಿಮೆಯಾಗಲಿಲ್ಲ.

ಇನ್ನು ರಾಮನ್. ವಸ್ತುವಿಗೆ ಬಡಿದು ಚದುರಿದ ಬೆಳಕಿನಲ್ಲಿ ಸ್ವಲ್ಪ ಬಣ್ಣ ಬದಲಾಗುವ 'ರಾಮನ್ ಪರಿಣಾಮ' ಅವರಿಗೆ ಕಂಡದ್ದು 1928ರಲ್ಲಿ ಕಲ್ಕತ್ತಾದಲ್ಲಿ, ಬೆಂಗಳೂರಿಗೆ ಬಂದದ್ದು ಐದು ವರ್ಷದ ಮೇಲೆ! ಇರಲಿ. ಗೆಡ್ಡೆಯಲ್ಲಿ ಪಕ್ಕದ ಮಾಂಸಕ್ಕಿಂತ ನೀರು ಜಾಸ್ತಿ ಅನ್ನೋದನ್ನು ಹಿಡಿದು, ನೆದರ್ಲೆಂಡ್ಸಿನ ರಾಟರ್‌ಡ್ಯಾಮ್‌ನವರು ರಾಮನ್ ವಿಧಾನದಲ್ಲೇ ಅಂಚು ಅಳೆಯಲು ಹೊರಟಿದ್ದಾರೆ. ಅದರ ಮೇಲೆ ನನಗೂ ಆಸೆಯಿದೆ.

ಆದರೆ ನನ್ನ ಸಂಕಟ ಬೇರೆ. ನನ್ನ ಸೋದರಮಾವನಿಗೆ ಕೆನ್ನೆಯ ಒಳಗೆ ಆಪರೇಷನ್ ಆಗಿತ್ತು. ವರದಿಯಲ್ಲಿ 'ಕ್ಲೋಸ್ ಮಾರ್ಜಿನ್, 2 ಮಿ.ಮೀ.' ಅಂತ ಇತ್ತು. ಮಾವ ಫೋನ್ ಮಾಡಿ, "ಕೇಸ್ ಕ್ಲೋಸ್ ಅಂತ ಬರ್ದವ್ರೆ ಕಣೋ" ಅಂದರು. ಮನೆಯಲ್ಲಿ ಹೋಳಿಗೆ ಆಯಿತು. ಕೊಯ್ದ ಅಂಚಿಗೆ ಗೆಡ್ಡೆ ತೀರಾ ಹತ್ತಿರವಿದೆ, ರೇಡಿಯೇಷನ್ ಬೇಕಾಗಬಹುದು ಅಂತ ಅದರ ಅರ್ಥ. ಬೇಕಾದರೆ ಆರು ವಾರದೊಳಗೆ ಶುರುವಾಗಬೇಕಿತ್ತು. ನರ್ಸ್ ಆಗಿರುವ ಸೊಸೆ ರಜೆಗೆ ಬಂದು ಆ ಕಾಗದ ಓದುವಷ್ಟರಲ್ಲಿ ಮೂರು ತಿಂಗಳು ದಾಟಿತ್ತು. ಎಷ್ಟು ಲಕ್ಷದ ಬೆಳಕು ಬಿಟ್ಟಿದ್ದರೂ ಆ ಒಂದು ಪದ ಕನ್ನಡಕ್ಕೆ ಬರುತ್ತಿತ್ತೇ? ಕೊಯ್ದ ಮಾಂಸ ಪರೀಕ್ಷಿಸಿ ಆ ವರದಿ ಬರೆದ ಪೆಥಾಲಜಿಸ್ಟ್ ಯಾರು ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ. ಅವರು ಸರಿಯಾಗಿಯೇ ಬರೆದಿದ್ದರು ಪಾಪ, ಓದಿ ಹೇಳೋರು ಇರಲಿಲ್ಲ.

2015ರಲ್ಲಿ ಮುಂಬೈನ ಟಾಟಾ ಆಸ್ಪತ್ರೆಯವರು ಒಂದು ಸಾದಾ ಪ್ರಶ್ನೆಗೆ ಉತ್ತರ ಕೊಟ್ಟರು. ಬಾಯಿ ಕ್ಯಾನ್ಸರ್ ಶುರುವಿನ ಹಂತದಲ್ಲಿದ್ದಾಗ, ಅದು ಹರಡಬಹುದಾದ ಕತ್ತಿನ ಗ್ರಂಥಿಗಳನ್ನು ಮೊದಲ ಆಪರೇಷನ್‌ನಲ್ಲೇ ತೆಗೆಯಬೇಕೋ, ಗಂಟು ಕಂಡ ಮೇಲೆ ಸಾಕೋ? ಮೊದಲೇ ತೆಗೆದವರಲ್ಲಿ ಮೂರು ವರ್ಷದ ಮೇಲೂ ಬದುಕಿದ್ದವರು ನೂರಕ್ಕೆ 80, ಕಾದವರಲ್ಲಿ 67.5. ಹೊಸ ಯಂತ್ರ ಒಂದೂ ಇಲ್ಲ. ಇದರ ಬಗ್ಗೆ ನೀವು ಪತ್ರ ಬರೆಯಲಿಲ್ಲ. ನಾವೂ ಒಂದು ಸಾಲು ಹಾಕಲಿಲ್ಲ ಬಿಡಿ, ಆ ತಿಂಗಳು ಹೊಸ ಮೊಬೈಲ್‌ಗಳ ಬಗ್ಗೆ ನಾಲ್ಕು ಪುಟ ಹಾಕಿದ್ದೆವು.

ಒಂದು ಕೆಲಸ ಮಾಡಿ. ನಿಮಗೆ ಹತ್ತಿರವಿರುವ ದೊಡ್ಡ ಆಸ್ಪತ್ರೆಗೆ ಹೋಗಿ ಕೇಳಿ: ಫ್ರೋಜನ್ ಸೆಕ್ಷನ್ ಇದೆಯೇ, ಅದನ್ನು ನೋಡುವ ಪೆಥಾಲಜಿಸ್ಟ್ ವಾರಕ್ಕೆ ಎಷ್ಟು ದಿನ ಸಿಗುತ್ತಾರೆ, ವರದಿಯನ್ನು ರೋಗಿಗೆ ಯಾರು ಓದಿ ಹೇಳುತ್ತಾರೆ? ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅರ್ಧ ಪುಟ ಖಾಲಿ ಇಟ್ಟಿರುತ್ತೇನೆ.