ಲೋಕ ಇಷ್ಟು ಕೆಟ್ಟಿರುವಾಗ ಕ್ರೈಸ್ತರು ನಿರೀಕ್ಷೆ ಇಟ್ಟುಕೊಳ್ಳುವುದು ಹೇಗೆ?

ಯುದ್ಧ, ದ್ವೇಷ, ಕೆಲಸ ಹೋಗುವ ಭಯ. ಸುದ್ದಿ ನೋಡಿದರೆ ನಿದ್ದೆ ಬರುವುದಿಲ್ಲ, ಪ್ರಾರ್ಥನೆಗೂ ಮನಸ್ಸಾಗುವುದಿಲ್ಲ ಅಂತ ಬರೆದಿದ್ದೀರಿ. "ಎಲ್ಲಾ ಸರಿಹೋಗುತ್ತೆ ಬಿಡಿ" ಅನ್ನಲು ನನಗೆ ಬಾಯಿ ಬರುವುದಿಲ್ಲ. ಸತ್ಯವೇದವೂ (ಬೈಬಲ್) ಅಷ್ಟು ಸಲೀಸಾಗಿ ಹಾಗನ್ನುವುದಿಲ್ಲ.

ನನಗೆ ಆಸರೆಯಾಗಿರುವುದು ಅದರಲ್ಲಿರುವ ಪ್ರವಾದಿ ಯೆರೆಮೀಯನ ಪುಸ್ತಕದ 32ನೇ ಅಧ್ಯಾಯ. ಬಾಬೆಲಿನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ. ಊರು ಶತ್ರುವಿನ ಪಾಲಾಗುತ್ತದೆ ಅಂದದ್ದಕ್ಕೆ ಪ್ರವಾದಿಯನ್ನು ಅರಮನೆಯ ಕಾವಲಿನ ಅಂಗಳದಲ್ಲಿ ಕೂಡಿಹಾಕಿದ್ದಾರೆ. ಆಗ ಚಿಕ್ಕಪ್ಪನ ಮಗ ಹನಮೇಲ ಬಂದು, ನಮ್ಮೂರು ಅನಾತೋತಿನ ನನ್ನ ಹೊಲ ಕೊಂಡುಕೋ ಅನ್ನುತ್ತಾನೆ. ನಾಳೆ ಕೈಬಿಟ್ಟು ಹೋಗುವ ನಾಡಿನಲ್ಲಿ ಜಮೀನು! ಯೆರೆಮೀಯ ಕೊಳ್ಳುತ್ತಾನೆ. 17 ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಡುತ್ತಾನೆ. ಸಾಕ್ಷಿ ಹಾಕಿಸುತ್ತಾನೆ. ಮುದ್ರೆ ಹಾಕಿದ ಕ್ರಯಪತ್ರ, ತೆರೆದ ಪ್ರತಿ ಎರಡನ್ನೂ ತನ್ನ ಬರಹಗಾರ ಬಾರೂಕನ ಕೈಗಿತ್ತು, ಬಹುಕಾಲ ಉಳಿಯುವಂತೆ ಮಣ್ಣಿನ ಗಡಿಗೆಯಲ್ಲಿಡು ಅನ್ನುತ್ತಾನೆ. ಇಲ್ಲಿ ಜನ ಮತ್ತೆ ಮನೆ, ಹೊಲ, ದ್ರಾಕ್ಷಿತೋಟ ಕೊಳ್ಳುತ್ತಾರೆ ಅಂತ ದೇವರು ಮಾತು ಕೊಟ್ಟಿದ್ದ.

ಮುಂದಿನದು ನನಗೆ ಇನ್ನೂ ಇಷ್ಟ. ಪತ್ರ ಆದಮೇಲೆ ಆತ ಪ್ರಾರ್ಥಿಸುತ್ತಾನೆ: ನೋಡು, ಶತ್ರುವಿನ ದಿಬ್ಬಗಳು ಊರಿನವರೆಗೂ ಬಂದಿವೆ, ಆದರೂ ಹೊಲ ತೆಗೆದುಕೋ ಅಂತೀಯಲ್ಲ! ಹಣ ಕೊಟ್ಟಾಗಿದೆ, ಗೊಂದಲ ಹೋಗಿಲ್ಲ. ಮನಸ್ಸು ತಿಳಿಯಾಗಲಿ ಅಂತ ನೀವೂ ಕಾಯಬೇಕಿಲ್ಲ.

ಊರು ಬಿತ್ತು. ದೇವಾಲಯ ಸುಟ್ಟುಹೋಯಿತು. ಯೆರೆಮೀಯನನ್ನು ಅವನ ಜನರೇ ಐಗುಪ್ತಕ್ಕೆ (ಈಜಿಪ್ಟಿಗೆ) ಎಳೆದುಕೊಂಡು ಹೋದರು. ಆ ಹೊಲವನ್ನು ಅವನು ಉತ್ತ ಬಗ್ಗೆ ಒಂದು ಮಾತೂ ಇಲ್ಲ. ಆದರೆ ಸತ್ಯವೇದದ ಎಜ್ರನ ಪುಸ್ತಕದ 2ನೇ ಅಧ್ಯಾಯದಲ್ಲಿ, ಬಾಬೆಲಿನ ಸೆರೆಯಿಂದ ಮರಳಿದವರ ಉದ್ದದ ಪಟ್ಟಿಯ ನಡುವೆ, ಅನಾತೋತಿನವರು 128 ಮಂದಿ ಅಂತಿದೆ. ಆ ಪಟ್ಟಿಯನ್ನು ನಾವು ಸುಮ್ನೆ ದಾಟಿಬಿಡುತ್ತೇವೆ, ಅಲ್ವಾ? ಈಗ ಆ ಸಾಲು ಬಂದರೆ ನನ್ನ ಕಣ್ಣು ತುಂಬುತ್ತದೆ.

ನಮಗೆ ಅದಕ್ಕಿಂತ ಜಾಸ್ತಿ ಸಿಕ್ಕಿದೆ. ಸತ್ತು ಸಮಾಧಿಯಾದ ಯೇಸುಸ್ವಾಮಿ ಮೂರನೇ ದಿನ ಎದ್ದರು. ಎದ್ದವರ ಕೈಯಲ್ಲಿ ಮೊಳೆಯ ಗುರುತು ಹಾಗೇ ಇತ್ತು. ನಡೆದದ್ದನ್ನು ದೇವರು ಮುಚ್ಚಿಡಲಿಲ್ಲ, ಸಾವಿಗೆ ಕೊನೆಯ ಮಾತನ್ನೂ ಬಿಡಲಿಲ್ಲ. ನನ್ನ ನಿರೀಕ್ಷೆಯೆಲ್ಲ ಇದರ ಮೇಲೇ ನಿಂತಿದೆ.

ಒಂದು ವಿನಂತಿ. ಯುದ್ಧ ಶುರುವಾದ ಕೂಡಲೇ ಅಂತ್ಯಕಾಲದ ಲೆಕ್ಕ ಹಾಕುವ ವಿಡಿಯೋಗಳನ್ನು ಬಿಟ್ಟುಬಿಡಿ. ಆ ದಿನ, ಆ ಗಳಿಗೆ ತಂದೆಗೆ ಮಾತ್ರ ಗೊತ್ತು ಅಂತ ಯೇಸುಸ್ವಾಮಿಯೇ ಹೇಳಿದ್ದಾರೆ. ಫಲ ಬರಲು ವರ್ಷಗಳೇ ಹಿಡಿಯುವ ಯಾವುದಾದರೂ ಒಳ್ಳೆ ಕೆಲಸಕ್ಕೆ ಕೈಹಾಕಿ. ನಾನು ಸಂಜೆ ನಮ್ಮ ಬೀದಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ಇನ್ನೂ ಐದನೇ ಕ್ಲಾಸಿನವರು, ಭಿನ್ನರಾಶಿ ಅಂದರೆ ಹೆದರುತ್ತಾರೆ. ಅವರು ದೊಡ್ಡವರಾಗುವಾಗ ಲೋಕ ಹೇಗಿರುತ್ತೋ ನನಗೆ ಗೊತ್ತಿಲ್ಲ, ಆದರೂ ಕಲಿಸುತ್ತೇನೆ.

ಪ್ರಾರ್ಥಿಸಲು ಮಾತೇ ಬರದಿದ್ದರೆ 88ನೇ ಕೀರ್ತನೆಯನ್ನು ಬಾಯಿಬಿಟ್ಟು ಓದಿ. ಕತ್ತಲೆಯಲ್ಲೇ ಮುಗಿಯುವ ಕೀರ್ತನೆ ಅದು. ಅದೂ ಪ್ರಾರ್ಥನೆಯೇ.