ಪವರ್ ಸ್ಟೇಷನ್ ಕಣ್ಣು ಬಿಡುತ್ತಿಲ್ಲವೇ? ಬಿಚ್ಚುವ ಆತುರ ಬೇಡ

ಪ್ರಶ್ನೆ: ನಮ್ಮದು ತೋಟದ ನಡುವಿನ ಒಂಟಿ ಮನೆ. ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳುವಂತಿಲ್ಲ. ಅದಕ್ಕಾಗಿ ಎರಡು ವರ್ಷದ ಹಿಂದೆ 500 ವ್ಯಾಟ್-ಅವರ್ ಸಾಮರ್ಥ್ಯದ ಪೋರ್ಟಬಲ್ ಸೋಲಾರ್ ಪವರ್ ಸ್ಟೇಷನ್ (ಬ್ಯಾಟರಿ, ಇನ್ವರ್ಟರ್ ಎರಡೂ ಒಳಗೇ ಇರುವ, ಹೊತ್ತೊಯ್ಯಬಹುದಾದ ಪೆಟ್ಟಿಗೆ), ಜೊತೆಗೆ 100 ವ್ಯಾಟ್‌ನ ಮಡಚುವ ಪ್ಯಾನೆಲ್ ಕೊಂಡೆವು. ಕಳೆದ ಅಕ್ಟೋಬರಿನಲ್ಲಿ ಅಟ್ಟಕ್ಕೆ ಏರಿಸಿದ್ದನ್ನು ಈ ಜೂನ್‌ನಲ್ಲಿ ಇಳಿಸಿ ನೋಡಿದರೆ, ಎಷ್ಟು ಗುಂಡಿ ಒತ್ತಿದರೂ ಪರದೆಯಲ್ಲಿ ಬೆಳಕಿಲ್ಲ. ಅರ್ಧ ದಿನ ಅಂಗಳದಲ್ಲಿ ಪ್ಯಾನೆಲ್ ಬಿಡಿಸಿಟ್ಟರೂ ಪ್ರಯೋಜನವಾಗಲಿಲ್ಲ. ಪೇಟೆಯ ರಿಪೇರಿ ಅಂಗಡಿಯವರು, ‘ಬಿಚ್ಚಿ ಬ್ಯಾಟರಿಗೆ ನೇರವಾಗಿ ಚಾರ್ಜ್ ಕೊಟ್ಟರೆ ಎದ್ದು ಕೂರುತ್ತದೆ’ ಎನ್ನುತ್ತಾರೆ. ಕೊಡಿಸಬಹುದೇ?
— ಅಡಿಕೆ ಬೆಳೆಗಾರರು, ಹೊಸನಗರ ತಾಲ್ಲೂಕು

ಉತ್ತರ: ಬೇಡ. ಹೀಗೆ ಮಲಗಿದ ಪವರ್ ಸ್ಟೇಷನ್‌ಗಳಲ್ಲಿ ಹೆಚ್ಚಿನವು ಕೆಟ್ಟಿರುವುದಿಲ್ಲ, ಬರಿದಾಗಿರುತ್ತವೆ. ಕೆಡುವುದು ಆಮೇಲೆ, ಯಾರಾದರೂ ಬಿಚ್ಚಿದಾಗ.

ಒಳಗೇನಾಗಿದೆ ಎಂಬುದನ್ನು ಮೊದಲು ನೋಡೋಣ. ಇತ್ತೀಚಿನ ಪವರ್ ಸ್ಟೇಷನ್‌ಗಳಲ್ಲಿ ಹೆಚ್ಚಾಗಿ ಬಳಸುವುದು ಲಿಥಿಯಂ ಐರನ್ ಫಾಸ್ಫೇಟ್ ಕೋಶಗಳನ್ನು. ಒಂದೊಂದು ಕೋಶದ ಸಾಮಾನ್ಯ ವೋಲ್ಟೇಜ್ 3.2. ಅದು ಸುಮಾರು 2.5 ವೋಲ್ಟಿಗೆ ಇಳಿದರೆ, ಬ್ಯಾಟರಿಯನ್ನು ಕಾಯುವ ಬಿಎಂಎಸ್ ಎಂಬ ಎಲೆಕ್ಟ್ರಾನಿಕ್ ಫಲಕ ಹೊರಗಿನ ಸಂಪರ್ಕವನ್ನೆಲ್ಲ ಕಡಿದುಹಾಕುತ್ತದೆ. ಪರದೆ ಬೆಳಗುವುದಕ್ಕೂ ವಿದ್ಯುತ್ ಬೇಕಲ್ಲ. ಹಾಗಾಗಿ ‘ಸೊನ್ನೆ’ ಎಂದು ತೋರಿಸುವ ಶಕ್ತಿಯೂ ಅದಕ್ಕಿರುವುದಿಲ್ಲ. ಅಟ್ಟಕ್ಕೆ ಏರಿಸುವಾಗ ಎಸಿ ಔಟ್‌ಪುಟ್‌ನ ಗುಂಡಿ ಆನ್ ಆಗಿಯೇ ಉಳಿದಿದ್ದರೆ ಕಥೆ ಬೇಗ ಮುಗಿದಿರುತ್ತದೆ. ಏನನ್ನೂ ಜೋಡಿಸದಿದ್ದರೂ ಒಳಗಿನ ಇನ್ವರ್ಟರ್ 10 ವ್ಯಾಟ್ ತಿನ್ನುತ್ತದೆ ಎಂದಿಟ್ಟುಕೊಂಡರೆ, 500 ವ್ಯಾಟ್-ಅವರ್ ಮುಗಿಯಲು 50 ಗಂಟೆ ಸಾಕು. ಎಲ್ಲವನ್ನೂ ಆರಿಸಿಟ್ಟಿದ್ದರೂ ಬಿಎಂಎಸ್ ತನ್ನ ಪಾಲನ್ನು ಒಂದಿಷ್ಟು ಹೀರುತ್ತಲೇ ಇರುತ್ತದೆ. ಮೂರು ತಿಂಗಳಿಗೊಮ್ಮೆಯಾದರೂ ಚಾರ್ಜ್ ಮಾಡಿ ಎಂದು ಹೆಚ್ಚಿನ ಕೈಪಿಡಿಗಳಲ್ಲಿ ಬರೆದಿರುವುದು ಇದಕ್ಕೇ. ನಿಮ್ಮದು ಎಂಟು ತಿಂಗಳು ಉಪವಾಸವಿದೆ.

ಪ್ಯಾನೆಲ್ ಯಾಕೆ ಎಬ್ಬಿಸಲಿಲ್ಲ? ಜೂನ್‌ ತಿಂಗಳ ಮಲೆನಾಡಿನ ಆಕಾಶವನ್ನು ನಾನು ನಿಮಗೆ ವರ್ಣಿಸಬೇಕಾಗಿಲ್ಲ. ದಟ್ಟ ಮೋಡವಿದ್ದಾಗ 100 ವ್ಯಾಟ್‌ನ ಪ್ಯಾನೆಲ್ಲಿನಿಂದ ಹತ್ತಿಪ್ಪತ್ತು ವ್ಯಾಟ್ ಬಂದರೆ ಹೆಚ್ಚು. ಮಲ್ಟಿಮೀಟರ್ ಹಿಡಿದರೆ ಇಪ್ಪತ್ತು ವೋಲ್ಟಿನ ಆಸುಪಾಸು ತೋರಿಸಬಹುದು, ಅದನ್ನು ನಂಬಬೇಡಿ. ಲೋಡ್ ಬಿದ್ದ ಕೂಡಲೇ ಆ ವೋಲ್ಟೇಜ್ ಕುಸಿಯುತ್ತದೆ, ಚಾರ್ಜ್ ಆರಂಭವಾಗಿ ನಿಲ್ಲುತ್ತದೆ, ಮತ್ತೆ ಆರಂಭವಾಗಿ ಮತ್ತೆ ನಿಲ್ಲುತ್ತದೆ. ಇನ್ನು ಕೆಲವು ಮಾದರಿಗಳಲ್ಲಿ ಸೋಲಾರ್ ಚಾರ್ಜಿಂಗ್ ಭಾಗ ಕೆಲಸ ಶುರುಮಾಡಲು ಬೇಕಾದ ವಿದ್ಯುತ್ತನ್ನು ಒಳಗಿನ ಬ್ಯಾಟರಿಯಿಂದಲೇ ಪಡೆಯುತ್ತದೆ. ಬ್ಯಾಟರಿ ಬರಿದಾಗಿದ್ದರೆ ಎಂಥ ಬಿಸಿಲಿದ್ದರೂ ಅದು ಮೇಲೇಳುವುದಿಲ್ಲ.

ಆದ್ದರಿಂದ ಗೋಡೆಯ ಪ್ಲಗ್ಗಿಗೇ ಹೋಗಿ. ಜೋಡಿಸಿರುವ ಎಲ್ಲ ವೈರುಗಳನ್ನೂ ಕಳಚಿ, ಜೊತೆಗೆ ಬಂದ ಚಾರ್ಜರನ್ನೇ ಹಾಕಿ. ಅಡಾಪ್ಟರ್ ಪ್ರತ್ಯೇಕವಾಗಿದ್ದರೆ ಅದರ ಮೇಲಿನ ಸಣ್ಣ ದೀಪವನ್ನು ಗಮನಿಸಿ. ಪ್ಲಗ್ಗಿಗೆ ಹಾಕಿದಾಗ ಉರಿದ ದೀಪ, ಪಿನ್ನನ್ನು ಪವರ್ ಸ್ಟೇಷನ್‌ಗೆ ಚುಚ್ಚಿದೊಡನೆ ಆರಿದರೆ ಅಥವಾ ಮಿಣುಕತೊಡಗಿದರೆ, ಒಳಗೆ ಎಲ್ಲೋ ಶಾರ್ಟ್ ಆಗಿದೆ ಇಲ್ಲವೇ ಅಡಾಪ್ಟರ್ ಸೋತಿದೆ. ದೀಪವೇ ಬಾರದಿದ್ದರೆ ಅಡಾಪ್ಟರಿನ ಪಿನ್ನಿಗೆ ಮಲ್ಟಿಮೀಟರ್ ಹಿಡಿದು, ಅದರ ಬೆನ್ನಿನ ಮೇಲೆ ಬರೆದಷ್ಟು ಡಿಸಿ ವೋಲ್ಟ್ ಬರುತ್ತಿದೆಯೇ ನೋಡಿ. ಬಾರದಿದ್ದರೆ ಪವರ್ ಸ್ಟೇಷನ್‌ನದ್ದು ಏನೂ ತಪ್ಪಿಲ್ಲ ಎಂದಾಗಬಹುದು. ಚಾರ್ಜರ್ ಒಳಗೇ ಇರುವ ಮಾದರಿಗಳಲ್ಲಿ ವೈರು ಹಾಕುವ ಜಾಗದ ಪಕ್ಕದಲ್ಲಿ ಒಂದು ಸಣ್ಣ ಬ್ರೇಕರ್ ಗುಂಡಿ ಇರುವುದುಂಟು. ಅದು ಹೊರಗೆ ಚಿಮ್ಮಿದ್ದರೆ ಒತ್ತಿ ಕೂರಿಸಿ.

ಹಳ್ಳಿಮನೆಗಳಲ್ಲಿ ಇನ್ನೊಂದು ತೊಡಕಿದೆ. ಸಂಜೆ ಎಲ್ಲರ ಮನೆಯಲ್ಲೂ ದೀಪ ಹತ್ತಿ, ಪಂಪ್‌ಸೆಟ್ಟುಗಳೂ ಓಡುತ್ತಿದ್ದರೆ ಲೈನಿನ ವೋಲ್ಟೇಜ್ 170ಕ್ಕೂ ಇಳಿಯಬಹುದು. 100ರಿಂದ 240 ವೋಲ್ಟ್ ಎಂದು ಬರೆದಿರುವ ಅಡಾಪ್ಟರಿಗೆ ಇದರಿಂದ ಏನೂ ಆಗದು. 220–240 ಎಂದಷ್ಟೇ ಇರುವ ಚಾರ್ಜರ್ ಮಾತ್ರ ಚಾರ್ಜ್ ಮಾಡಲು ಒಪ್ಪದೆ ಸುಮ್ಮನಿದ್ದುಬಿಡಬಹುದು. ಅಂಥದ್ದಾದರೆ ಮಧ್ಯಾಹ್ನ ಪ್ರಯತ್ನಿಸಿ, ಇಲ್ಲವೇ ಸ್ಟೆಬಿಲೈಜರ್ ಮೂಲಕ ಕೊಡಿ.

ಚಾರ್ಜರ್ ಹಾಕಿದ ಮೇಲೆ ತಾಳ್ಮೆ ಬೇಕು. ತೀರಾ ಕೆಳಗಿಳಿದ ಬ್ಯಾಟರಿಗೆ ಮೊದಲು ಸಣ್ಣ ಪ್ರಮಾಣದ ಕರೆಂಟು ಮಾತ್ರ ಹೋಗುತ್ತದೆ. ಗಂಜಿಯಿಂದ ಶುರುಮಾಡಿದ ಹಾಗೆ. ಅಷ್ಟು ಹೊತ್ತು ಪರದೆ ಕಪ್ಪಾಗಿಯೇ ಇರಬಹುದು. ಸಿಮೆಂಟ್ ನೆಲದ ಮೇಲೆ ಕಣ್ಣಳತೆಯಲ್ಲಿಟ್ಟು ಒಂದೆರಡು ಗಂಟೆ ಬಿಡಿ. ಹಾಸಿಗೆಯ ಮೇಲೆ ಬೇಡ, ರಾತ್ರಿಯಿಡೀ ಬಿಟ್ಟು ಮಲಗುವುದೂ ಬೇಡ. ಆಮೇಲೂ ಪರದೆ ಬೆಳಗದಿದ್ದರೆ ಚಾರ್ಜರ್ ಹಾಕಿರುವಾಗಲೇ ಮುಖ್ಯ ಗುಂಡಿಯನ್ನು ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿಯಿರಿ. ಹಲವು ಮಾದರಿಗಳಿಗೆ ರೀಸೆಟ್ ಎಂದರೆ ಇದೇ. ಕೆಲವಕ್ಕೆ ಸೂಜಿಮೊನೆ ಹೋಗುವಷ್ಟು ಸಣ್ಣ ತೂತು ಇರುತ್ತದೆ. ನಿಮ್ಮದಕ್ಕೆ ಯಾವುದು ಎಂಬುದನ್ನು ಕೈಪಿಡಿಯಲ್ಲಿ ನೋಡಿಯೇ ಮಾಡಿ.

ಅಟ್ಟದ ವಿಚಾರಕ್ಕೆ ಬಂದರೆ, ಬೇಸಿಗೆಯಲ್ಲಿ ಅದು ಕಾದ ಹಂಚಿನ ಕೆಳಗಿನ ಜಾಗ, ಮಳೆಗಾಲದಲ್ಲಿ ಶೀತದ ಜಾಗ. ಎರಡೂ ಈ ಬ್ಯಾಟರಿಗೆ ಆಗುವುದಿಲ್ಲ. ಟಾರ್ಚ್ ಹಿಡಿದು ಫ್ಯಾನಿನ ಕಿಂಡಿಗಳೊಳಗೆ ಇಣುಕಿ, ಇರುವೆ ಮಣ್ಣು ತುಂಬಿರಬಹುದು. ಪಿನ್ನುಗಳ ಮೇಲೆ ಹಸಿರು ಕಿಲುಬು ಕಟ್ಟಿದ್ದರೆ, ಎಲ್ಲ ವೈರುಗಳನ್ನೂ ಕಳಚಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ, ಪೂರ್ತಿ ಆರಿದ ಮೇಲಷ್ಟೇ ಚಾರ್ಜರ್ ಹಾಕಿ. ಬಚ್ಚಲೊಲೆಯ ಪಕ್ಕದಲ್ಲಿಟ್ಟು ಒಣಗಿಸುವ ಉತ್ಸಾಹ ಬೇಡ. ಬಹುಪಾಲು ಬ್ಯಾಟರಿಗಳು 45 ಡಿಗ್ರಿ ಸೆಲ್ಸಿಯಸ್ ದಾಟಿದರೆ ಚಾರ್ಜನ್ನೇ ತೆಗೆದುಕೊಳ್ಳುವುದಿಲ್ಲ.

ಈಗ ಅಂಗಡಿಯವರ ಸಲಹೆ. ಬಿಎಂಎಸ್ ಅನ್ನು ತಪ್ಪಿಸಿ ಕೋಶಗಳಿಗೆ ನೇರವಾಗಿ ಕರೆಂಟು ಕೊಟ್ಟರೆ ಪರದೆ ಬೆಳಗಲೂಬಹುದು, ಅವರು ಸುಳ್ಳು ಹೇಳುತ್ತಿಲ್ಲ. ಆದರೆ ತಿಂಗಳುಗಟ್ಟಲೆ ತೀರಾ ಕಡಿಮೆ ವೋಲ್ಟೇಜಿನಲ್ಲಿ ಬಿದ್ದಿದ್ದ ಕೋಶದೊಳಗೆ ತಾಮ್ರದ ಹಾಳೆ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇರೆಡೆ ಕೂತು ಒಳಗೊಳಗೇ ಶಾರ್ಟ್ ಆಗಬಹುದು. ಅಂಥ ಬ್ಯಾಟರಿಯನ್ನು ಬಿಎಂಎಸ್ ತಡೆಹಿಡಿದಿದ್ದರೆ ಅದು ನಿಮ್ಮ ಮನೆಯ ಒಳಿತಿಗೇ. ಜೊತೆಗೆ, 230 ವೋಲ್ಟ್ ಎಸಿ ಕೊಡುವ ಇನ್ವರ್ಟರಿನೊಳಗೆ 325 ವೋಲ್ಟಿಗೂ ಹೆಚ್ಚಿನ ಡಿಸಿ ಇರುತ್ತದೆ. ಆರಿಸಿದ ಮೇಲೂ ಅದು ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರುಗಳಲ್ಲಿ ಉಳಿದು, ಬಿಚ್ಚಿ ಮುಟ್ಟಿದವರಿಗೆ ಶಾಕ್ ಹೊಡೆಯಬಹುದು.

ಪೆಟ್ಟಿಗೆ ಉಬ್ಬಿದ್ದರೆ, ರಾಸಾಯನಿಕದ ವಾಸನೆ ಬಂದರೆ, ಚಾರ್ಜ್ ಆಗದಿದ್ದರೂ ಬಿಸಿಯಾಗುತ್ತಿದ್ದರೆ ಪ್ರಯೋಗ ಅಲ್ಲಿಗೇ ನಿಲ್ಲಿಸಿ, ಹುಲ್ಲು ಕಟ್ಟಿಗೆ ಇಲ್ಲದ ಬಯಲಿನಲ್ಲಿ, ಮಳೆ ಬೀಳದ ಮರೆಯಲ್ಲಿಡಿ. ಇವೇನೂ ಇಲ್ಲದೆ ಸುಮ್ಮನೆ ಮಲಗಿಯೇ ಇದ್ದರೆ ಬಿಲ್ಲು, ಸೀರಿಯಲ್ ನಂಬರು, ಒಂದು ವಿಡಿಯೊ ಸಿದ್ಧ ಮಾಡಿಕೊಂಡು ಕಂಪನಿಯನ್ನು ಸಂಪರ್ಕಿಸಿ. ನೀವೇ ಕೊರಿಯರಿಗೆ ಕೊಡಲು ಹೋಗಬೇಡಿ. ಲಿಥಿಯಂ ಬ್ಯಾಟರಿ ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ, ಒಯ್ಯುವ ಏರ್ಪಾಟನ್ನು ಕಂಪನಿಯೇ ಮಾಡಲಿ. ವಾರಂಟಿ ಇದ್ದೂ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಪ್ರಶ್ನೆ: ಪರದೆ ಬೆಳಗುತ್ತದೆ, ಮೊಬೈಲ್ ಚಾರ್ಜ್ ಆಗುತ್ತದೆ. ಮಿಕ್ಸಿ ಹಾಕಿದರೆ ಮಾತ್ರ ಆರಿಹೋಗುತ್ತದೆ. ರಾತ್ರಿ ವೈಫೈ ರೂಟರ್ ಜೋಡಿಸಿದರೆ ಬೆಳಿಗ್ಗೆಯ ಹೊತ್ತಿಗೆ ತಾನೇ ಆಫ್ ಆಗಿರುತ್ತದೆ. ಕೆಟ್ಟಿದೆಯೇ?
— ಗೃಹಿಣಿ, ಧಾರವಾಡ

ಉತ್ತರ: ಕೆಟ್ಟಿಲ್ಲ. ನಿಮ್ಮ ಪವರ್ ಸ್ಟೇಷನ್ ಎಷ್ಟು ವ್ಯಾಟ್ ಎಂದು ಬರೆದಿಲ್ಲ, 300 ಇರಬಹುದು. ಮಿಕ್ಸಿ 500 ಅಥವಾ 750 ವ್ಯಾಟ್‌ನದು, ಶುರುವಾಗುವ ಕ್ಷಣದಲ್ಲಿ ಅದಕ್ಕೂ ಹೆಚ್ಚು ಎಳೆಯುತ್ತದೆ. ವ್ಯಾಟ್-ಅವರ್ ಎಂದರೆ ಒಳಗಿರುವ ದಾಸ್ತಾನು, ವ್ಯಾಟ್ ಎಂದರೆ ಒಂದು ಹೊತ್ತಿಗೆ ಕೊಡಬಲ್ಲಷ್ಟು. ಮಾರುವವರು ಮೊದಲಿನದನ್ನು ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ರೂಟರಿನದು ಇದರ ತದ್ವಿರುದ್ಧ. ಲೋಡ್ ತೀರಾ ಕಡಿಮೆಯಾದರೆ ಯಾರೂ ಬಳಸುತ್ತಿಲ್ಲ ಎಂದು ತಿಳಿದು ಪವರ್ ಸ್ಟೇಷನ್ ತಾನೇ ಆಫ್ ಆಗುತ್ತದೆ. ಸೆಟ್ಟಿಂಗಿನಲ್ಲಿ ಇಕೋ ಮೋಡ್ ಅಥವಾ ಆಟೋ ಆಫ್ ಎಂಬುದಿದ್ದರೆ ತೆಗೆದುಹಾಕಿ. ಬಳಕೆ ಮುಗಿದ ಮೇಲೆ ಎಸಿ ಗುಂಡಿಯನ್ನು ನೆನಪಿನಿಂದ ಆರಿಸುವ ಕೆಲಸ ಆಗ ನಿಮ್ಮದಾಗುತ್ತದೆ.

ಪ್ರಶ್ನೆ: ಅಮೆರಿಕದಿಂದ ಮರಳುವಾಗ ಮನೆ ಸಾಮಾನಿನ ಜೊತೆ ಹಡಗಿನಲ್ಲಿ ಬಂದ ಪವರ್ ಸ್ಟೇಷನ್ ಇದು. ಇಲ್ಲಿನ ಸಾಕೆಟ್ಟಿಗೆ ಹೊಂದುವ ಪಿನ್ ಹಾಕಿ ಚಾರ್ಜಿಗೆ ಇಟ್ಟಾಗ ಟಪ್ ಎಂದಿತು. ಅಂದಿನಿಂದ ಚಾರ್ಜ್ ಆಗುತ್ತಿಲ್ಲ, ಈಗ ಆನ್ ಕೂಡ ಆಗುತ್ತಿಲ್ಲ. ತಾರಸಿಯ ಸೋಲಾರ್ ಪ್ಯಾನೆಲ್ಲಿಗೆ ಜೋಡಿಸಿ ನೋಡಲೇ?
— ನಿವೃತ್ತ ಎಂಜಿನಿಯರ್, ಮೈಸೂರು

ಉತ್ತರ: ಇನ್‌ಪುಟ್ ಪಕ್ಕದ ಬರಹವನ್ನು ಓದಿ. 100–120 ವೋಲ್ಟ್ ಎಂದಿದ್ದರೆ ನಮ್ಮ 230 ವೋಲ್ಟ್ ಅದರ ಚಾರ್ಜರನ್ನು ಸುಟ್ಟಿದೆ. ಪಿನ್ ಬದಲಾದರೆ ವೋಲ್ಟೇಜ್ ಬದಲಾಗುವುದಿಲ್ಲ. ಬ್ಯಾಟರಿಗೆ ಏನೂ ಆಗದೆ ಉಳಿದಿರುವ ಸಾಧ್ಯತೆ ಇದ್ದೇ ಇದೆ. ಸುಟ್ಟ ವಾಸನೆ ಇಲ್ಲದಿದ್ದರೆ ಕಾರಿನ 12 ವೋಲ್ಟ್ ಸಾಕೆಟ್ಟಿನಿಂದ ಡಿಸಿ ಇನ್‌ಪುಟ್‌ಗೆ ಕೊಟ್ಟು ನೋಡಿ. ಎದ್ದರೂ ಅದು ಹೊರಗೆ ಕೊಡುವುದು 120 ವೋಲ್ಟ್, 60 ಹರ್ಟ್ಜ್. ಇಲ್ಲಿನ ಫ್ಯಾನು, ಮಿಕ್ಸಿಗೆ ಅದು ಆಗದು. ಲ್ಯಾಪ್‌ಟಾಪ್, ಮೊಬೈಲಿಗೆ ಸರಿ.

ತಾರಸಿಯ ಪ್ಯಾನೆಲ್ ಮಾತ್ರ ಬೇಡ. ಮನೆ ಮೇಲೆ ಕೂರಿಸುವ 540 ವ್ಯಾಟ್‌ನ ಒಂದು ಪ್ಯಾನೆಲ್ ಲೋಡ್ ಇಲ್ಲದಾಗ ಸುಮಾರು 49 ವೋಲ್ಟ್ ಕೊಡುತ್ತದೆ, ಸಾಲಾಗಿ ಜೋಡಿಸಿದ್ದರೆ ನೂರಾರು ವೋಲ್ಟ್. ಸಣ್ಣ ಪವರ್ ಸ್ಟೇಷನ್‌ಗಳ ಸೋಲಾರ್ ಇನ್‌ಪುಟ್ ಮಿತಿ ಎಷ್ಟೋ ಬಾರಿ 28 ಅಥವಾ 30 ವೋಲ್ಟಿಗೇ ಮುಗಿಯುತ್ತದೆ. ಪ್ಯಾನೆಲ್ಲಿನ ಹಿಂದಿನ ಚೀಟಿಯಲ್ಲಿ ವಿಒಸಿ (Voc, ಅಂದರೆ ಲೋಡ್ ಇಲ್ಲದಾಗಿನ ವೋಲ್ಟೇಜ್) ಎಂದಿರುವ ಅಂಕಿ ಆ ಮಿತಿಗಿಂತ ಕೆಳಗಿದ್ದರಷ್ಟೇ ಜೋಡಿಸಿ, ಅದಕ್ಕೂ ಮೊದಲು ಪ್ಲಸ್ ಮೈನಸ್ ಯಾವುದೆಂದು ಮೀಟರಿನಲ್ಲಿ ಖಚಿತಪಡಿಸಿಕೊಳ್ಳಿ. 18 ವೋಲ್ಟಿನ ಎರಡು ಸಣ್ಣ ಪ್ಯಾನೆಲ್ ಬಳಸುವುದಾದರೆ ಪ್ಯಾರಲಲ್ ಆಗಿ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್) ಜೋಡಿಸಿ, ಸೀರೀಸ್ ಆಗಿ (ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್) ಅಲ್ಲ.